ಚೀಟಿ ಒಂದು, ಸರಕು ಬೇರೊಂದು

ರಬಕವಿ-ಬನಹಟ್ಟಿಯ ಸೀರೆಗಳು ಹೆಸರಾದವು. ಅಲ್ಲಿಯ ಒಂದು ದಾಸ್ತಾನು ಕೋಣೆಯನ್ನು ಕಲ್ಪಿಸಿಕೊಳ್ಳೋಣ. ಗೋಡೆಯುದ್ದಕ್ಕೂ ಖಾನೆಗಳಿವೆ, ಧೋತರದ ಗಂಟಿಗೆ 4 ಖಾನೆ, ಸೀರೆಯ ಗಂಟಿಗೆ 8 ಖಾನೆ ಬೇಕು. ‘12ನೆಯ ಖಾನೆ, ಧೋತರ’ ಎಂಬ ಚೀಟಿ ಕಂಡರೆ ಆಳು 12ರಿಂದ 15ರವರೆಗಿನದನ್ನು ತೆಗೆಯುತ್ತಾನೆ. ಅದನ್ನೇ ‘ಸೀರೆ’ ಎಂದು ಓದಿದರೆ 19ರವರೆಗೆ ಕೈಹಾಕಿ, ಜಮಖಂಡಿಗೋ ಮುಧೋಳಕ್ಕೋ ಹೋಗಬೇಕಾದ ಪಕ್ಕದ ಗಂಟನ್ನೂ ಎಳೆಯುತ್ತಾನೆ. ಖಾನೆಯ ಅಂಕಿ ಸರಿ; ಸರಕಿನ ಬಗೆ ಮಾತ್ರ ತಪ್ಪು.

ಡೆನಿಸ್ ರಿಚಿ 1972ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ‘ಸಿ’ ಭಾಷೆಯ ಪಾಯಿಂಟರ್ ಇಂಥದೇ ಚೀಟಿ. ಗಣಕದ ಸ್ಮೃತಿಯಲ್ಲಿ ಒಂದು ಸ್ಥಾನವನ್ನೂ, ಅಲ್ಲಿರುವ ವಸ್ತುವಿನ ಪ್ರಕಾರವನ್ನೂ ಅದು ಸೂಚಿಸುತ್ತದೆ. ಇಂದಿನ ಬಹುತೇಕ ಗಣಕಗಳಲ್ಲಿ ‘ಇಂಟ್’ 4 ಬೈಟು, ‘ಡಬಲ್’ 8 ಬೈಟು.

ಪ್ರೋಗ್ರಾಮನ್ನು ಓಡಿಸದೆ, ಬರೆಹವನ್ನು ಓದಿಯೇ ಇಂಥ ತಪ್ಪನ್ನು ಹಿಡಿಯುವ ಸಾಧನಗಳುಂಟು. 1978ರಲ್ಲಿ ಸ್ಟೀಫನ್ ಜಾನ್ಸನ್ ಬರೆದ ‘ಲಿಂಟ್’ ಇವುಗಳಲ್ಲಿ ಮೊದಮೊದಲಿನದು. ಆದರೆ ತಪ್ಪು ಹುಡುಕುವ ಸಾಧನದಲ್ಲಿಯೇ ತಪ್ಪಿದ್ದರೆ ಮಾಡುವುದೇನು?

ಎರಡೂ ಬದಿಯ ಪ್ರಕಾರಗಳ ಹೆಸರು ಒಂದೇ ಆಗಿರಬೇಕೆಂದು ನಮ್ಮ ಸಾಧನ ಬಯಸುತ್ತದೆಂದು ಇಟ್ಟುಕೊಳ್ಳೋಣ. ಸ್ಮೃತಿಯನ್ನು ಬೇಡಿದಾಗ ‘ಮ್ಯಾಲಾಕ್’ ಕೊಡುವುದು ‘ವಾಯ್ಡ್’ ಪಾಯಿಂಟರ್. ಎಂದರೆ ಸರಕಿನ ಹೆಸರು ಬರೆಯದ ಚೀಟಿ. ಅದನ್ನು ‘ಇಂಟ್’ ಪಾಯಿಂಟರಿಗೆ ಕೊಡಲು ‘ಸಿ’ಯಲ್ಲಿ ಅನುಮತಿಯಿದೆ. ಸಾಧನವು ಅಲ್ಲಿಯೂ ಕೂಗುತ್ತದೆ. ಇದು ಸುಳ್ಳು ಎಚ್ಚರಿಕೆ.

ಸರಿ, ‘ವಾಯ್ಡ್ ಎಲ್ಲದಕ್ಕೂ ಹೊಂದುತ್ತದೆ’ ಎಂದು ತಿದ್ದೋಣ. ಕೂಗು ನಿಂತಿತು. ಈಗ ಮೂರು ಸಾಲಿನ ಪರೀಕ್ಷೆ: ‘ಇಂಟ್’ ವಸ್ತುವೊಂದರ ವಿಳಾಸವನ್ನು ‘ವಾಯ್ಡ್’ ಪಾಯಿಂಟರಿಗೆ, ಅಲ್ಲಿಂದ ‘ಡಬಲ್’ ಪಾಯಿಂಟರಿಗೆ ಕೊಟ್ಟು, ಅದರ ಮೂಲಕ ಓದುವುದು. ಒಂದೊಂದು ಹಸ್ತಾಂತರವೂ ನಿಯಮಬದ್ಧ. ಆದರೆ ಕೊನೆಯ ಓದು 8 ಬೈಟಿಗೆ ಕೈಹಾಕುತ್ತದೆ, ಇರುವುದು 4. ಸಾಧನ ಮೌನವಾಗಿದೆ! ನಮ್ಮ ತಿದ್ದುಪಡಿಯೇ ಅದನ್ನು ಕುರುಡಾಗಿಸಿತು. ಪಾಯಿಂಟರ್ ಎಲ್ಲಿಂದ ಹೊರಟಿತೆಂಬುದನ್ನು ‘ವಾಯ್ಡ್’ ದಾಟುವಾಗಲೂ ನೆನಪಿಡುವಂತೆ ಮಾಡುವುದೇ ಇದಕ್ಕೆ ಮದ್ದು.

ಹಾಗಾದರೆ ಎಂದೂ ತಪ್ಪದ ಸಾಧನವನ್ನು ಕಟ್ಟಬಹುದೇ? ಪ್ರೋಗ್ರಾಮುಗಳ ನಡವಳಿಕೆಯ ಬಗೆಗಿನ ಯಾವ ಸಾರವತ್ತಾದ ಪ್ರಶ್ನೆಗೂ ಎಲ್ಲ ಸಂದರ್ಭಗಳಲ್ಲಿ ಸರಿಯುತ್ತರ ಕೊಡುವ ಯಾಂತ್ರಿಕ ವಿಧಾನ ಇರಲಾರದೆಂದು ಎಚ್. ಜಿ. ರೈಸ್ 1953ರಲ್ಲಿ ತೋರಿಸಿದರು. ಆದಕಾರಣ ಕಟ್ಟುವವರು ಆಯ್ದುಕೊಳ್ಳಲೇಬೇಕು. ಸುಳ್ಳು ಕೂಗು ಹೆಚ್ಚಿದರೆ ‘ತೋಳ ಬಂತು’ ಎಂದವನ ಮಾತಿನಂತೆ ಅದನ್ನು ಯಾರೂ ಲೆಕ್ಕಿಸರು. ಮೌನ ಹೆಚ್ಚಿದರೆ ತಪ್ಪು ತಪ್ಪಾಗಿಯೇ ಉಳಿದೀತು.

ಆದ್ದರಿಂದ ಸಾಧನವನ್ನು ತಿದ್ದಿದಾಗಲೆಲ್ಲ ಎರಡು ಪುಟ್ಟ ಪ್ರೋಗ್ರಾಮುಗಳನ್ನು ಅದರ ಮುಂದಿಡಬೇಕು: ಅದು ಸುಮ್ಮನಿರಬೇಕಾದದ್ದು ಒಂದು, ಕೂಗಲೇಬೇಕಾದದ್ದು ಇನ್ನೊಂದು. ಒಂದನ್ನೇ ಪರೀಕ್ಷಿಸಿ ತೃಪ್ತರಾದರೆ ನಾವು ಅರ್ಧವನ್ನಷ್ಟೇ ಅರಿತಂತಾಯಿತು.