ಸುಧಾರಣಾ ನೋಟಿಸ್ ಬಂದಾಗ ಸಣ್ಣ ಹೋಟೆಲು, ಬೇಕರಿಯವರು ಏನು ಮಾಡಬೇಕು?

ಆಹಾರ ಸುರಕ್ಷತಾ ಇಲಾಖೆಯ ಸುಧಾರಣಾ ನೋಟಿಸ್ ದಂಡವೂ ಅಲ್ಲ, ಬಾಗಿಲು ಮುಚ್ಚುವ ಆದೇಶವೂ ಅಲ್ಲ. ಲೋಪ ತಿದ್ದಿಕೊಳ್ಳಲು ಕೊಡುವ ಅವಕಾಶ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 32ನೇ ಕಲಂ ಇದಕ್ಕೆ ಆಧಾರ.

ನೋಟಿಸ್ ನೀಡುವವರು ಅಂಕಿತ ಅಧಿಕಾರಿ. ಯಾವ ನಿಯಮ ಪಾಲನೆಯಾಗಿಲ್ಲ, ಹಾಗೆನ್ನಲು ಕಾರಣವೇನು, ಯಾವ ಕ್ರಮ ಕೈಗೊಳ್ಳಬೇಕು ಎಂಬುದು ಅದರಲ್ಲಿರಬೇಕು. ಗಡುವು 14 ದಿನಗಳಿಗಿಂತ ಕಡಿಮೆ ಇರುವಂತಿಲ್ಲ. ಸೂಚಿಸಿದ ಕ್ರಮಕ್ಕೆ ಸಮನಾದ ಬೇರೆ ಕ್ರಮವನ್ನೂ ಕಾಯ್ದೆ ಒಪ್ಪುತ್ತದೆ. ದುಬಾರಿ ಬದಲಾವಣೆ ಮಾಡಲಾಗದವರಿಗೆ ಇದು ದೊಡ್ಡ ಆಸರೆ.

ಸರಿಪಡಿಸಿದ ಕೆಲಸದ ಫೋಟೊ, ಬಿಲ್ಲುಗಳೊಂದಿಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಸುಮ್ಮನಿದ್ದರೆ ಪರವಾನಗಿ ಅಮಾನತಾಗಬಹುದು. ಆಮೇಲೂ ತಿದ್ದಿಕೊಳ್ಳದಿದ್ದರೆ, ಕಾರಣ ಕೇಳಿ ರದ್ದುಮಾಡಬಹುದು. ಸಾರ್ವಜನಿಕ ಆರೋಗ್ಯದ ಹಿತಕ್ಕಾಗಿ, ಕಾರಣವನ್ನು ಬರಹದಲ್ಲಿ ದಾಖಲಿಸಿ, ಕೂಡಲೇ ಅಮಾನತು ಮಾಡುವ ಅಧಿಕಾರವೂ ಇದೆ.

ನೋಟಿಸ್ ಒಪ್ಪದವರು ಆಹಾರ ಸುರಕ್ಷತಾ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ 15 ದಿನ ಅಥವಾ ನೋಟಿಸಿನ ಗಡುವು, ಯಾವುದು ಮೊದಲು ಮುಗಿಯುತ್ತದೋ ಅದೇ ಕೊನೆ.

ಇಲಾಖೆಯ ಹೊಣೆಯೂ ಇಲ್ಲಿ ಸಣ್ಣದಲ್ಲ. ತಪಾಸಣಾ ಪಟ್ಟಿಯನ್ನು ಕನ್ನಡದಲ್ಲಿ ಮೊದಲೇ ಹಂಚಬೇಕು. ತಕ್ಷಣ ಸರಿಪಡಿಸಬೇಕಾದ ಅಪಾಯ ಯಾವುದು, ಕಾಗದಪತ್ರದ ಕೊರತೆ ಯಾವುದು ಎಂದು ಬಿಡಿಸಿ ಹೇಳಬೇಕು. ಗಡುವಿನ ನಂತರ ತಪ್ಪದೆ ಮರುಭೇಟಿ ನೀಡಬೇಕು. ನಿಯಮ ಅರ್ಥವಾದರೆ ಅಂಗಡಿಯವರು ಅದನ್ನು ಪಾಲಿಸುವುದು ಸುಲಭ. ತಿನ್ನುವವರ ಆರೋಗ್ಯಕ್ಕೂ ಅದೇ ಕಾವಲು.