ಗರ್ಭಿಣಿಯೂ ಶ್ರವಣಾತೀತ ಧ್ವನಿಯೂ

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು, ಧ್ವನಿಯ ಪಾಠ ಮುಗಿದ ಮೇಲೆ, ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ನಮ್ಮ ಮುಂದಿಟ್ಟಳು. ಅವಳ ಅತ್ತಿಗೆ ಚೊಚ್ಚಲ ಬಸುರಿ, ಐದನೆಯ ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಲು ಹೇಳಿದ್ದಾರೆ. ಮನೆಯ ಅಜ್ಜಿ, "ಆ ಮೆಷೀನ್ ಇಟ್ರೆ ಕೂಸಿಗೆ ಶಾಕ್ ಹೊಡೀತದೆ ಕಣವ್ವ, ಬ್ಯಾಡ" ಎಂದು ಹಟ ಹಿಡಿದಿದ್ದಾರೆ. ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ಮೂರನ್ನು ಅವಳೇ ಓದಿ ಹೇಳಿದಳು. ನಾಲ್ಕನೆಯದು ಮನೆಯಲ್ಲಿ ಬೇರೆಯವರು ಕೇಳಿ ಬಾ ಎಂದದ್ದು. ಅದನ್ನು ಓದದೆ ಬೆರಳಿನಿಂದ ತೋರಿಸಿದಳು.

ಪ್ರಸವಶಾಸ್ತ್ರ ನಮ್ಮ ವಿಷಯವಲ್ಲ. ಆದರೆ ಸ್ಕ್ಯಾನಿಂಗ್ ಯಂತ್ರವು ಭೌತವಿಜ್ಞಾನದ ಕೂಸು. ಅದನ್ನು ಕುರಿತು ಮಾತನಾಡುವ ಹಕ್ಕು ನಮಗೂ ಸ್ವಲ್ಪ ಉಂಟು. ಅಂದು ಅವಳಿಗೆ ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇವೆ.

ನೀರಿಲ್ಲದ ಆಳವಾದ ಬಾವಿಯೊಂದರ ಕಟ್ಟೆಯ ಮೇಲೆ ನಿಂತು ಕೂಗಿರೆಂದು ಭಾವಿಸಿ. ಕೂಗು ತಳಕ್ಕೆ ಬಡಿದು ಹಿಂತಿರುಗುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಪ್ರತಿಧ್ವನಿ ಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯಿತೆಂದರೆ, ಹೋಗಿ ಬಂದ ದೂರ 34 ಮೀಟರ್, ಬಾವಿಯ ಆಳ 17 ಮೀಟರ್. ಹಗ್ಗ ಇಳಿಬಿಡದೆಯೇ ಆಳವನ್ನು ಅಳೆದಂತಾಯಿತು. ಆದರೆ ತಳದಲ್ಲಿ ಬಿಂದಿಗೆ ಬಿದ್ದಿದೆಯೇ ಇಲ್ಲವೇ ಎಂಬುದನ್ನು ಈ ಕೂಗು ಹೇಳಲಾರದು. ನಮ್ಮ ಕಂಠಧ್ವನಿಯ ಅಲೆಯೊಂದರ ಉದ್ದ ಸುಮಾರು ಒಂದು ಮೀಟರ್. ಅಷ್ಟು ಉದ್ದದ ಅಲೆಗೆ ಬಿಂದಿಗೆಯಂಥ ಸಣ್ಣ ವಸ್ತು ಲೆಕ್ಕಕ್ಕೇ ಇಲ್ಲ. ಬಿಂದಿಗೆಯನ್ನು ಹುಡುಕಲು ಪಾತಾಳಗರಡಿಯೇ ಬೇಕು. ಇಲ್ಲವಾದರೆ ಅಲೆಯನ್ನು ಬಹಳ ಗಿಡ್ಡ ಮಾಡಬೇಕು.

ಅಲೆಯನ್ನು ಗಿಡ್ಡ ಮಾಡುವುದೆಂದರೆ ಕಂಪನಗಳ ಸಂಖ್ಯೆಯನ್ನು ಹೆಚ್ಚಿಸುವುದು. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಮಾತ್ರ. ಅದನ್ನು ಮೀರಿದುದು ಶ್ರವಣಾತೀತ ಧ್ವನಿ. ಬಸುರಿಯರ ಹೊಟ್ಟೆಯ ಮೇಲೆ ಇಡುವ ಹಿಡಿಯಿಂದ ಹೊರಡುವ ಧ್ವನಿಯ ಕಂಪನಗಳು ಸಾಮಾನ್ಯವಾಗಿ ಸೆಕೆಂಡಿಗೆ 20 ಲಕ್ಷದಿಂದ 50 ಲಕ್ಷ. ದೇಹದ ಮೃದುಭಾಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. 35 ಲಕ್ಷ ಕಂಪನಗಳ ಧ್ವನಿಯನ್ನು ತೆಗೆದುಕೊಂಡು ಭಾಗಿಸಿದರೆ ಅಲೆಯ ಉದ್ದ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆಯೆಂದು ಕಾಣುತ್ತದೆ. ಇಂಥ ಅಲೆಗೆ ಕೂಸಿನ ಬೆರಳೂ ಬಿಂದಿಗೆಯಷ್ಟು ದೊಡ್ಡದು.

ಈ ಧ್ವನಿಯನ್ನು ಹೊರಡಿಸುವ ಬಗೆ 1880ರಲ್ಲಿ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯೆರ್ ಕಂಡ ಒಂದು ಗುಣವನ್ನು ಅವಲಂಬಿಸಿದೆ. ಬೆಣಚುಕಲ್ಲಿನಂಥ ಕೆಲವು ಹರಳುಗಳನ್ನು ಅದುಮಿದರೆ ಅವುಗಳ ಮೈಮೇಲೆ ವಿದ್ಯುತ್ತು ತೋರುತ್ತದೆ. ವಿದ್ಯುತ್ತನ್ನು ಕೊಟ್ಟರೆ ಅವು ಹಿಗ್ಗಿ ಕುಗ್ಗುತ್ತವೆ. ಆದ್ದರಿಂದ ಒಂದೇ ಹರಳು ಕೂಗಲೂ ಬಲ್ಲದು, ಕೇಳಲೂ ಬಲ್ಲದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲಾಂಜೆವಾನ್ ಇದನ್ನು ನೀರಿನೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಬಳಸಿದನು. ಮುಂದೆ ಲೋಹದ ತಗಡುಗಳೊಳಗಿನ ಬಿರುಕುಗಳನ್ನು ಹುಡುಕಲು ಕಾರ್ಖಾನೆಗಳು ಬಳಸಿದವು. ಗ್ಲಾಸ್ಗೋ ನಗರದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್ 1955ರಲ್ಲಿ ಬಾಯ್ಲರ್ ಕಾರ್ಖಾನೆಯೊಂದಕ್ಕೆ ಹೋಗಿ, ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗೆಡ್ಡೆಗಳನ್ನು ಈ ಬಿರುಕು ಹುಡುಕುವ ಉಪಕರಣದಿಂದ ಪರೀಕ್ಷಿಸಿದನು. ಅವನೂ ಅವನ ಸಂಗಡಿಗರೂ 1958ರಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿದ್ಯೆ ವೈದ್ಯಲೋಕದ ಗಮನಕ್ಕೆ ಬಂದಿತು. ಗುಣವಾಗದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿ ಇದ್ದುದು ಅಂಡಾಶಯದ ನೀರುಗಂತಿಯೆಂದು ಪ್ರತಿಧ್ವನಿಯಿಂದ ತಿಳಿದು, ಅದನ್ನು ತೆಗೆದು ಅವಳನ್ನು ಉಳಿಸಿದರು.

ಹತ್ತು ಸೆಂಟಿಮೀಟರ್ ಆಳದಿಂದ ಪ್ರತಿಧ್ವನಿ ಮರಳಲು ಎಷ್ಟು ಕಾಲ ಬೇಕು? ವಾಚಕರು ತಾವೇ ಲೆಕ್ಕ ಮಾಡಿ ನೋಡಬಹುದು. ಹೋಗಿಬರುವ ದೂರ 20 ಸೆಂಟಿಮೀಟರ್. ಕಾಲ, ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು 130 ಪಾಲು. ಒಂದು ಕೂಗಿನಿಂದ ಚಿತ್ರದ ಒಂದು ಗೆರೆ ದೊರೆಯುತ್ತದೆ. ಇನ್ನೂರು ಗೆರೆಗಳನ್ನು ಸೇರಿಸಿ ಒಂದು ಚಿತ್ರ ಮಾಡಿದರೂ ಸೆಕೆಂಡಿಗೆ ಸುಮಾರು 38 ಚಿತ್ರಗಳಾದುವು. ಕೂಸಿನ ಎದೆಬಡಿತ ತೆರೆಯ ಮೇಲೆ ಮಿಡಿಯುತ್ತಿರುವಂತೆಯೇ ಕಾಣುವುದು ಇದರಿಂದ.

ಹೊಟ್ಟೆಗೆ ಹಚ್ಚುವ ತಣ್ಣನೆಯ ಲೋಳೆ ಔಷಧಿಯೆಂದು ಹಲವರು ತಿಳಿದಿದ್ದಾರೆ, ಅದು ಔಷಧಿಯಲ್ಲ. ಹಿಡಿಗೂ ಚರ್ಮಕ್ಕೂ ನಡುವೆ ಗಾಳಿಯ ತೆಳುಪದರವಿದ್ದರೂ ಧ್ವನಿ ಬಹುಪಾಲು ಅಲ್ಲಿಂದಲೇ ಹಿಂದಿರುಗಿಬಿಡುತ್ತದೆ. ಆ ಗಾಳಿಯನ್ನು ಹೊರದೂಡಲು ಲೋಳೆ. ಮೊದಲ ತಿಂಗಳುಗಳಲ್ಲಿ ನೀರು ಕುಡಿದು ಬಾ ಎನ್ನುವುದಕ್ಕೂ ಇದೇ ಕಾರಣ. ತುಂಬಿದ ಮೂತ್ರಕೋಶವು ಗಾಳಿ ತುಂಬಿದ ಕರುಳುಗಳನ್ನು ಬದಿಗೆ ಸರಿಸಿ, ಗರ್ಭಕೋಶಕ್ಕೆ ನೀರಿನ ಕಿಟಕಿಯಾಗುತ್ತದೆ.

ಈಗ ಅಜ್ಜಿಯ ಭಯ. ಶಾಕ್ ಹೊಡೆಯುವ ಮಾತಿಲ್ಲ; ದೇಹದೊಳಕ್ಕೆ ಹೋಗುವುದು ವಿದ್ಯುತ್ತಲ್ಲ, ಕಂಪನ. ಇದು ಕ್ಷ-ಕಿರಣವೂ ಅಲ್ಲ. ಕ್ಷ-ಕಿರಣವು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಬಲ್ಲದು. ಬೆಳೆಯುತ್ತಿರುವ ಜೀವಕೋಶಕ್ಕೆ ಅದರಿಂದ ಅಪಾಯವುಂಟು. ಗರ್ಭಿಣಿಯ ಹೊಟ್ಟೆಗೆ ಕ್ಷ-ಕಿರಣ ಬಿಟ್ಟ ಸಂದರ್ಭಗಳಲ್ಲಿ ಹುಟ್ಟಿದ ಮಕ್ಕಳಿಗೆ ಕ್ಯಾನ್ಸರ್ ಹೆಚ್ಚೆಂದು ಇಂಗ್ಲೆಂಡಿನ ಆಲಿಸ್ ಸ್ಟೂವರ್ಟ್ ಎಂಬ ವೈದ್ಯೆ ತೋರಿಸಿದ ವಿವರವಾದ ಲೇಖನವೂ 1958ರದೇ. ಅಜ್ಜಿಯ ಭಯ ಪೂರ್ತಿ ಬುಡವಿಲ್ಲದ್ದಲ್ಲ, ಯಂತ್ರವನ್ನು ಮಾತ್ರ ತಪ್ಪಾಗಿ ಗುರುತಿಸಿದ್ದಾರೆ. ಗ್ರಹಣದ ವಿಷಯದಲ್ಲಿಯಾದರೋ ಹಾಗೆ ಹೇಳುವಂತಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಎಷ್ಟೋ ಬಸುರಿಯರು ಬೆಳಗಿನಿಂದ ಅನ್ನನೀರಿಲ್ಲದೆ ಕತ್ತಲೆಯ ಕೋಣೆಯಲ್ಲಿ ಕುಳಿತಿದ್ದರು. ಗ್ರಹಣವೆಂದರೆ ಚಂದ್ರನ ನೆರಳು. ನೆರಳಿನಲ್ಲಿ ಹೊಸ ಕಿರಣವೇನೂ ಹುಟ್ಟುವುದಿಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬುದು ಗಂಡಸಿಗೂ ಹೆಂಗಸಿಗೂ ಒಂದೇ ನಿಯಮ. ಹಸಿವು ಬಾಯಾರಿಕೆಗಳಿಂದ ಬಸುರಿಗೆ ಆಗುವ ತೊಂದರೆಯೇ ನಿಜವಾದುದು.

ಹಾಗಾದರೆ ಶ್ರವಣಾತೀತ ಧ್ವನಿಯಿಂದ ಏನೂ ಆಗುವುದಿಲ್ಲವೆ? ಧ್ವನಿಯ ಶಕ್ತಿ ದೇಹದಲ್ಲಿ ಹೀರಲ್ಪಟ್ಟಾಗ ಶಾಖವಾಗುತ್ತದೆ, ಇದು ಭೌತನಿಯಮ. ಆದರೆ ಯಂತ್ರವು ಕೂಗುವುದು ಕ್ಷಣಮಾತ್ರ, ಉಳಿದ ಕಾಲವೆಲ್ಲ ಕಿವಿಗೊಟ್ಟು ಕೇಳುತ್ತಿರುತ್ತದೆ. ಆದ್ದರಿಂದ ಸಾಧಾರಣ ಪರೀಕ್ಷೆಯಲ್ಲಿ ಶಾಖ ಅತ್ಯಲ್ಪ. ಹಲವು ದಶಕಗಳ ಬಳಕೆಯಲ್ಲಿ ಇದರಿಂದ ಕೂಸಿಗೆ ಕೇಡಾದುದು ಸಿದ್ಧಪಟ್ಟಿಲ್ಲ. ಆದರೂ ವೈದ್ಯರ ಅಗತ್ಯವಿಲ್ಲದೆ, ಮುಖ ನೋಡುವ ಚಪಲಕ್ಕಾಗಿ ಮತ್ತೆ ಮತ್ತೆ ಮಾಡಿಸುವುದು ಸಲ್ಲದು. 24 ವಾರಗಳ ಒಳಗೆ ಒಂದು ಸ್ಕ್ಯಾನಿಂಗ್ ಆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆ ಮಾಡಿತು. ಐದನೆಯ ತಿಂಗಳಿನದು ಕೂಸಿನ ಅಂಗಾಂಗಗಳನ್ನೂ ಮಾಸಿನ ಸ್ಥಾನವನ್ನೂ ನೋಡುವಂಥದು; ತಪ್ಪಿಸಬಾರದು.

ಹೆರಿಗೆಯ ದಿನ ಒಂದೊಂದು ವರದಿಯಲ್ಲಿ ಒಂದೊಂದು ಬಗೆಯಾಗಿ ಬರುವುದೇಕೆ ಎಂಬುದು ಮೂರನೆಯ ಪ್ರಶ್ನೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನಗಳನ್ನು, ಅಂದರೆ ಒಂಬತ್ತು ತಿಂಗಳು ಏಳು ದಿನಗಳನ್ನು ಕೂಡಿಸುವುದು ಹಳೆಯ ಲೆಕ್ಕ. ಮುಟ್ಟಿನ ದಿನ ನೆನಪಿಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ. ಸ್ಕ್ಯಾನಿಂಗ್ ಯಂತ್ರಕ್ಕೆ ದಿನ ತಿಳಿಯದು. ಅದು ಅಳೆಯುವುದು ಉದ್ದವನ್ನು. ಮೊದಲ ಮೂರು ತಿಂಗಳಲ್ಲಿ ಕೂಸುಗಳೆಲ್ಲ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಬೆಳೆಯುವುದರಿಂದ ಉದ್ದದಿಂದ ದಿನವನ್ನು ಚೆನ್ನಾಗಿ ಊಹಿಸಬಹುದು. ಮುಂದೆ ಒಂದು ಕೂಸು ದಪ್ಪ, ಇನ್ನೊಂದು ಸಣಕಲು, ಊಹೆ ಸಡಿಲವಾಗುತ್ತದೆ. ಆದ್ದರಿಂದ ಮೊದಲ ವರದಿಯನ್ನು ಜೋಪಾನವಾಗಿಟ್ಟು ಪ್ರತಿಸಲವೂ ತೋರಿಸಬೇಕು. ಕೊನೆಯ ತಿಂಗಳಲ್ಲಿ ಹೇಳುವ ತೂಕವೂ ಅಂದಾಜೇ.

ನಾಲ್ಕನೆಯ ಪ್ರಶ್ನೆ, ಗಂಡೋ ಹೆಣ್ಣೋ ಎಂಬುದು. ಇದರಲ್ಲಿ ತಿಳಿಯಬೇಕಾದುದು ತಂದೆಯ ಕಡೆಯದು. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ವರ್ಣತಂತುವೇ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧ ಎಕ್ಸ್, ಅರ್ಧ ವೈ. ಎಕ್ಸ್ ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬಾಕೆ ಹಿಟ್ಟಿನ ಹುಳುಗಳಲ್ಲಿ ಈ ಭೇದವನ್ನು ಕಂಡಳು. ಮೂರು ಹೆಣ್ಣು ಹೆತ್ತವಳೆಂದು ಸೊಸೆಯನ್ನು ಹಂಗಿಸುವ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ; ಹಂಗಿಸುವವರು ನೂರು ವರ್ಷದ ಹಿಂದಿನ ವಿಜ್ಞಾನವನ್ನೂ ಓದಿದವರಲ್ಲ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದು ಗಂಡಾಗಲೇಬೇಕೆಂಬುದೂ ತಪ್ಪು. ಚಿಮ್ಮಿದ ನಾಣ್ಯಕ್ಕೆ ಹಿಂದಿನ ಸಲ ಹೇಗೆ ಬಿದ್ದೆನೆಂಬ ನೆನಪಿರುವುದಿಲ್ಲ.

ಪ್ರತಿಧ್ವನಿಯ ಚಿತ್ರದಲ್ಲಿ ಲಿಂಗ ಕಾಣಬಹುದೆಂಬುದು ನಿಜ. ಈ ಕಾರಣಕ್ಕಾಗಿಯೇ ಅದನ್ನು ಹೇಳುವುದನ್ನೂ ಕೇಳುವುದನ್ನೂ ನಿಷೇಧಿಸಿ 1994ರಲ್ಲಿ ಕಾನೂನಾಯಿತು. 1996ರಲ್ಲಿ ಜಾರಿಗೆ ಬಂದಿತು. 1961ರ ಜನಗಣತಿಯಲ್ಲಿ ಭಾರತದ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 976 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927. ಈ ಇಳಿತಕ್ಕೆ ಒಂದು ಮುಖ್ಯ ಕಾರಣ ನಾವು ಮೇಲೆ ಹೊಗಳಿದ ಯಂತ್ರವೇ. ಇದು ದೂರದ ಊರಿನ ಸುದ್ದಿಯಲ್ಲ. 2023ರಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಜಾಲವು ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಯಂತ್ರವಿಟ್ಟು ಬಸುರಿಯರ ಲಿಂಗಪರೀಕ್ಷೆ ನಡೆಸುತ್ತಿತ್ತು. ಮರುವರ್ಷದ ಮೇ ತಿಂಗಳಲ್ಲಿ ಪಾಂಡವಪುರದಲ್ಲಿಯೂ ಹೆಣ್ಣುಭ್ರೂಣಹತ್ಯೆಯ ಪ್ರಕರಣ ಹೊರಬಿದ್ದಿತು. ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ ಅದು. ಆಲೆಮನೆಯ ಬಾಗಿಲಲ್ಲಿ ಬಿಸಿಬೆಲ್ಲಕ್ಕೆ ಕೈಯೊಡ್ಡಿ ಬೆಳೆದ ನಮಗೆ ಆ ಸುದ್ದಿ ಓದಿದ ದಿನ ಪಾಠ ಮಾಡಲು ಮನಸ್ಸಾಗಲಿಲ್ಲ. ಗರ್ಭ ತೆಗೆಸಲು ಕಾಯಿದೆ ಒಪ್ಪುವ ಕಾರಣಗಳು 1971ರ ಅಧಿನಿಯಮದಲ್ಲಿ ಬೇರೆಯೇ ಇವೆ. ಅವುಗಳಲ್ಲಿ ಹೆಣ್ಣೆಂಬುದು ಸೇರಿಲ್ಲ. ಲಿಂಗಪರೀಕ್ಷೆ ಮಾಡಿದವರಿಗೂ ಮಾಡಿಸಿದ ಮನೆಯವರಿಗೂ ಮೊದಲ ತಪ್ಪಿಗೇ ಮೂರು ವರ್ಷದವರೆಗೆ ಸೆರೆಯುಂಟು. ಬಸುರಿಯು ಬಲವಂತದಿಂದ ಬಂದವಳೆಂದೇ ಕಾನೂನು ಮೊದಲಿಗೆ ಭಾವಿಸುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವವನು ವೈದ್ಯನೇ ಆಗಿದ್ದರೂ ಅಪರಾಧಿ ಎಂದು ಮನೆಯಲ್ಲಿ ಹೇಳು ಎಂದೆವು. ವಿದ್ಯಾರ್ಥಿನಿ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದಳು.

ಅವಳು ಕೇಳದಿದ್ದ ಒಂದೆರಡು ಸಂಗತಿಗಳನ್ನೂ ಬರೆದುಕೊಟ್ಟೆವು. ಸ್ಕ್ಯಾನಿಂಗ್ ಆಯಿತೆಂದು ಉಳಿದುದನ್ನು ಬಿಡುವಂತಿಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ನೂರು ಮಿಲಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ; ಯಾವ ಪ್ರತಿಧ್ವನಿಯೂ ಅದನ್ನು ತೋರಿಸದು. ಕಬ್ಬಿಣದ ಮಾತ್ರೆಯನ್ನು ಕಾಫಿ ಟೀಗಳ ಸಂಗಡ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಮೆ. ನಿಂಬೆಹಣ್ಣಿನ ಪಾನಕದ ಸಂಗಡ ಒಳ್ಳೆಯದು. ರಕ್ತದ ಒತ್ತಡ 140/90ಕ್ಕೆ ಏರಿದರೆ, ತಲೆನೋವು ಬಂದು ಕಣ್ಣು ಮಂಜಾದರೆ, ರಕ್ತ ಕಂಡರೆ, ಕೂಸಿನ ಮಿಸುಕಾಟ ತಗ್ಗಿದರೆ ನಾಳೆಯವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನ್ ಮಾಡಿದರೆ ವಾಹನ ಬರುತ್ತದೆ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ಇದೆ. ತಾಯಿ ಕಾರ್ಡನ್ನೂ ಮೊದಲ ವರದಿಯನ್ನೂ ಒಂದೇ ಚೀಲದಲ್ಲಿಟ್ಟು ಒಯ್ಯುವಂತೆ ಅತ್ತಿಗೆಗೆ ಹೇಳು, ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗು, ಕೂಸಿನ ಎದೆಬಡಿತವನ್ನು ಅವರಿಗೂ ತೋರಿಸುವಂತೆ ವೈದ್ಯರನ್ನು ಕೇಳಿಕೋ ಎಂದೆವು.