ಹಿಂಗಾರಿಗೆ ಯಾವ ಬೆಳೆ? ಹತ್ತು ಕಾಳಿನ ಲೆಕ್ಕ

ಉತ್ತರೆಯ ಮಳೆ ಬಿದ್ದು ನೆಲ ಹದವಾಯಿತೆಂದರೆ ಅಕ್ಕಲಕೋಟೆ, ಜತ್ತ ಭಾಗದ ಒಕ್ಕಲಿಗನಿಗೆ ಒಂದೇ ಚಿಂತೆ: ಜೋಳವೋ, ಕಡಲೆಯೋ, ಕುಸುಬೆಯೋ? ಪೇಟೆಗೆ ಹೋಗಿ ಬಂದವನು ಕಡಲೆಯ ಧಾರಣೆ ಹೇಳುತ್ತಾನೆ. ಕೊಟ್ಟಿಗೆಯ ಎತ್ತು ಕಣಿಕೆ ಕೇಳುತ್ತದೆ. ಕೊನೆಗೆ ಯಾರ ಧ್ವನಿ ದೊಡ್ಡದೋ ಅವರ ಬೆಳೆ ಬಿತ್ತನೆಯಾಗುತ್ತದೆ.

ಮೊದಲು ನೆಲ ನೋಡತಕ್ಕದ್ದು. ಇಲ್ಲಿ ಅಂಕದ ಮಾತಿಲ್ಲ. ನೆಲಕ್ಕೆ ಒಗ್ಗದ್ದನ್ನು ಪಟ್ಟಿಯಿಂದಲೇ ತೆಗೆಯಬೇಕು. ಜೋಳದಲ್ಲಿಯೂ ರಾಹುರಿಯ ಕೃಷಿ ವಿದ್ಯಾಪೀಠವು ತೆಳು ನೆಲಕ್ಕೆ ಫುಲೆ ಅನುರಾಧಾ, ಮಧ್ಯಮ ನೆಲಕ್ಕೆ ಫುಲೆ ಸುಚಿತ್ರಾ, ಆಳದ ಎರೆಗೆ ಫುಲೆ ವಸುಧಾ ಎಂದು ಬೇರೆ ಬೇರೆ ತಳಿ ಕೊಟ್ಟಿದೆ. ಮೋಹೋಳದಲ್ಲಿ ಆರಿಸಿದ ಹಳೆಯ ಮಾಲದಂಡಿ 35-1 ರೊಟ್ಟಿಗೂ ಕಣಿಕೆಗೂ ಇಂದಿಗೂ ಹೆಸರಾಗಿದೆ.

ಇನ್ನು ಉಳಿದ ಬೆಳೆಗಳ ಹೋಲಿಕೆ. ಹತ್ತು ಜೋಳದ ಕಾಳು ತೆಗೆದುಕೊಂಡು, ನಿಮ್ಮ ಮನೆಗೆ ಯಾವುದು ಎಷ್ಟು ಮುಖ್ಯವೋ ಅಷ್ಟು ಕಾಳು ಹಂಚಿರಿ. ಜೋಡೆತ್ತು, ಎಮ್ಮೆ ಇದ್ದವನು ಮೇವಿಗೆ 4, ಮನೆಯ ಊಟಕ್ಕೆ 3, ರೊಕ್ಕಕ್ಕೆ 2, ಆಳಿನ ಉಳಿತಾಯಕ್ಕೆ 1 ಇಟ್ಟಾನು. ಈ ಕೆಲಸ ಅಂಕ ಹಾಕುವ ಮೊದಲೇ ಮುಗಿಯಬೇಕು. ಇಲ್ಲವಾದರೆ ಮನಸ್ಸಿಗೆ ಬಂದ ಬೆಳೆ ಗೆಲ್ಲುವಂತೆ ಕಾಳು ಸರಿಯುತ್ತವೆ! ಹೆಣ್ಣುಮಕ್ಕಳನ್ನು ಬಿಟ್ಟು ಹಂಚಬೇಡಿರಿ. ರೊಟ್ಟಿ ಬಡಿಯುವವರೂ ಹೈನ ನೋಡುವವರೂ ಅವರೇ.

ಬಳಿಕ ಪ್ರತಿಯೊಂದು ಬೆಳೆಗೂ ಐದರಲ್ಲಿ ಅಂಕ ಕೊಡಿರಿ. ಉದಾಹರಣೆಗೆ, ಇದೇ ಕ್ರಮದಲ್ಲಿ ಜೋಳಕ್ಕೆ 5, 5, 2, 2. ಕಡಲೆಗೆ 1, 2, 5, 3. ಕೊಯ್ಲಿನಲ್ಲಿ ಮುಳ್ಳಿನ ಕಾಟವಿರುವ ಕುಸುಬೆಗೆ 1, 2, 3, 1 ಎನ್ನೋಣ. ಅಂಕವನ್ನು ಕಾಳಿನಿಂದ ಗುಣಿಸಿ ಕೂಡಿದರೆ ಜೋಳ 41, ಕಡಲೆ 23, ಕುಸುಬೆ 17.

ದನವಿಲ್ಲದ ಮನೆಯವನು ಮೇವಿಗೆ 1, ಊಟಕ್ಕೆ 2, ರೊಕ್ಕಕ್ಕೆ 5, ಆಳಿಗೆ 2 ಇಟ್ಟನೆನ್ನಿ. ಅಂಕ ಅವೇ, ಆದರೆ ಕಡಲೆ 36, ಜೋಳ 29, ಕುಸುಬೆ 22 ಆಗುತ್ತವೆ. ನೆರೆಯವನು ಬಿತ್ತಿದನೆಂದು ಬಿತ್ತುವವರು ಇದನ್ನು ಗಮನಿಸಬೇಕು. ಸಾಲದ ಕಂತು ಕಟ್ಟಬೇಕಾದವನ ಕಾಳು ಒಂದು ಕಡೆ ಬಿದ್ದರೆ, ಎಮ್ಮೆ ಕಟ್ಟಿದವನದು ಇನ್ನೊಂದು ಕಡೆ.

ರೊಕ್ಕದ ಅಂಕ ಮಾತ್ರ ಮೋಸದ್ದು. ಬಿತ್ತುವಾಗಿನ ಧಾರಣೆ ನೋಡದೆ, ಹಿಂದಿನ ನಾಲ್ಕಾರು ವರ್ಷ ಸುಗ್ಗಿಯಲ್ಲಿ ನಿಮ್ಮ ಕೈಗೆ ಬಂದ ಧಾರಣೆಯನ್ನು ನೋಡಿ ಕೊಡಿರಿ.

ಎರಡು ಬೆಳೆಗಳ ಅಂತರ ಎರಡು-ಮೂರು ಅಂಕವಿದ್ದರೆ ಒಂದು ಕಾಳನ್ನು ಆಚೆಗೆ ಸರಿಸಿ ಮತ್ತೆ ಕೂಡಿ ನೋಡಿರಿ. ಅಷ್ಟಕ್ಕೇ ಗೆದ್ದ ಬೆಳೆ ಬದಲಾದರೆ, ಹೊಲವನ್ನು ಎರಡಕ್ಕೂ ಹಂಚುವುದೇ ಲೇಸು.